ಜೀವಕೋಶದ ಸರಕು ಸಾಗಣೆ: ಮೋಟಾರಿಗೂ ಸರಕಿಗೂ ನಡುವಿನ ಕೊಂಡಿ

ಬೆನ್ನುಹುರಿಯಿಂದ ಪಾದದವರೆಗೆ ಚಾಚಿಕೊಂಡಿರುವ ನರಕೋಶದ ಎಳೆ ಸುಮಾರು ಒಂದು ಮೀಟರ್ ಉದ್ದವಿರುತ್ತದೆ. ಅದಕ್ಕೆ ಬೇಕಾದ ಪ್ರೋಟೀನುಗಳಲ್ಲಿ ಬಹುಪಾಲು ತಯಾರಾಗುವುದು ಬೆನ್ನುಹುರಿಯಲ್ಲಿರುವ ಕೋಶಕಾಯದಲ್ಲಿ. ಅವು ತಾವಾಗಿಯೇ ತೇಲಿಕೊಂಡು ತುದಿ ಮುಟ್ಟಲಾರವು. ಹೊತ್ತೊಯ್ಯುವ ಕೆಲಸ ಮೋಟಾರ್ ಪ್ರೋಟೀನುಗಳದು.

ಇವುಗಳಲ್ಲಿ ಪ್ರಮುಖವಾದ ಕೈನೆಸಿನ್ 1985ರಲ್ಲಿ ಬೆಳಕಿಗೆ ಬಂದಿತು. ನಮ್ಮ ಕರಾವಳಿಯವರು ಬೊಂಡಾಸ್ ಎಂದು ಕರೆಯುವ ಸ್ಕ್ವಿಡ್‌ನ ದಪ್ಪ ನರಗಳಲ್ಲಿ ರೊನಾಲ್ಡ್ ವೇಲ್, ಥಾಮಸ್ ರೀಸ್ ಮತ್ತು ಮೈಕೆಲ್ ಶೀಟ್ಜ್ ಇದನ್ನು ಗುರುತಿಸಿದರು. (ಇದೇ ವೇಲ್ 2009ರಲ್ಲಿ ಬೆಂಗಳೂರಿನ ಇಂಡಿಯಾಬಯೋಸೈನ್ಸ್ ಸಂಸ್ಥೆಯ ಸ್ಥಾಪನೆಗೆ ಕಾರಣರಾದರು.) ಕೋಶದೊಳಗಿನ ಸೂಕ್ಷ್ಮನಾಳಿಕೆಗಳೇ ಹಳಿ. ಕೈನೆಸಿನ್ ಅದರ ಮೇಲೆ ಹೆಜ್ಜೆಗೊಂದು ಎಟಿಪಿ ಅಣು ಖರ್ಚು ಮಾಡುತ್ತ 8 ನ್ಯಾನೋಮೀಟರ್‌ಗಳಷ್ಟು ಮುಂದಡಿಯಿಡುತ್ತದೆ. ವಿರುದ್ಧ ದಿಕ್ಕಿನ ಸಾಗಣೆ ಡೈನೀನ್‌ನದು.

ಆದರೆ ಯಾವ ಸರಕನ್ನು ಹೊರಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಮೋಟಾರ್ ಒಂದೇ ನಿರ್ಧರಿಸುವುದಿಲ್ಲ. ಇಲ್ಲಿಯೇ ಅಡಾಪ್ಟರ್ ಪ್ರೋಟೀನುಗಳ ಪಾತ್ರ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಹೊರಪೊರೆಯಲ್ಲಿ ಮೀರೊ ಎಂಬ ಪ್ರೋಟೀನ್ ನಾಟಿಕೊಂಡಿರುತ್ತದೆ. ಅದನ್ನು ಕೈನೆಸಿನ್‌ಗೆ ಜೋಡಿಸುವುದು ಮಿಲ್ಟನ್. ಈ ಕೊಂಡಿ ಇಲ್ಲದ ಹಣ್ಣುನೊಣಗಳಲ್ಲಿ ಕಣ್ಣಿನ ನರತುದಿಗಳಿಗೆ ಮೈಟೊಕಾಂಡ್ರಿಯ ತಲುಪದೆ ನೊಣಗಳು ಕುರುಡಾಗಿದ್ದವು. ಅಂಧಕವಿ ಜಾನ್ ಮಿಲ್ಟನ್‌ನ ಹೆಸರು ಬಂದದ್ದು ಹೀಗೆ. ನರ ಚುರುಕಾಗಿರುವೆಡೆ ಕ್ಯಾಲ್ಸಿಯಂ ಏರುತ್ತದೆ, ಮೀರೊ ಅದನ್ನು ಹಿಡಿದುಕೊಳ್ಳುತ್ತದೆ, ಸಾಗಣೆ ನಿಲ್ಲುತ್ತದೆ. ಶಕ್ತಿ ಬೇಕಾದ ಜಾಗದಲ್ಲಿಯೇ ಸರಕು ಇಳಿದಂತಾಯಿತು. ನಿಲ್ಲುವ ಬಗೆ ಹೇಗೆಂಬುದಕ್ಕೆ ಮಾತ್ರ 2009ರಲ್ಲಿಯೇ ಒಂದಕ್ಕಿಂತ ಹೆಚ್ಚು ವಿವರಣೆಗಳು ಬಂದವು.

ಅಡಾಪ್ಟರ್ ಬರಿಯ ಕೊಕ್ಕೆಯಲ್ಲ, ಗುಂಡಿಯೂ ಹೌದು. ಸರಕಿಲ್ಲದ ಕೈನೆಸಿನ್ ಮಡಚಿಕೊಂಡು ಸುಮ್ಮನಿರುತ್ತದೆ; ಎಟಿಪಿ ವ್ಯರ್ಥವಾಗುವುದಿಲ್ಲ. ಸಸ್ತನಿಗಳ ಡೈನೀನ್ ಕೂಡ ಒಂಟಿಯಾಗಿ ಹೆಚ್ಚು ದೂರ ಸಾಗಲಾರದು. ಡೈನಾಕ್ಟಿನ್ ಮತ್ತು ಬಿಐಸಿಡಿ2 ಎಂಬ ಅಡಾಪ್ಟರ್ ಜೊತೆಗೂಡಿದರೆ ಮಾತ್ರ ಅದು ದೀರ್ಘ ಓಟ ಆರಂಭಿಸುತ್ತದೆ ಎಂಬುದನ್ನು 2014ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ತೋರಿಸಿಕೊಟ್ಟವು.

ಅದಕ್ಕೂ ಒಂದು ವರ್ಷ ಮೊದಲೇ ಬಿಐಸಿಡಿ2 ಜೀನಿನ ದೋಷ ವೈದ್ಯರ ಗಮನಕ್ಕೆ ಬಂದಿತ್ತು. ಈ ದೋಷವಿರುವವರಲ್ಲಿ ಮುಖ್ಯವಾಗಿ ಕಾಲಿನ ಸ್ನಾಯುಗಳು ಕ್ಷೀಣಿಸುತ್ತವೆ. ಇದು ಬೆನ್ನುಹುರಿ ಸ್ನಾಯುಕ್ಷಯದ, ಅಂದರೆ ಎಸ್‌ಎಂಎಯ, ಒಂದು ಅಪರೂಪದ ಬಗೆ. ಡೈನೀನ್‌ನದೇ ಜೀನ್ ಕೆಟ್ಟರೂ ಇಂಥದೇ ಕಾಯಿಲೆ ಬರುತ್ತದೆ. ಎಸ್‌ಎಂಎ ಎಂದೊಡನೆ ಕೋಟ್ಯಂತರ ರೂಪಾಯಿಯ ಚುಚ್ಚುಮದ್ದು ಓದುಗರಿಗೆ ನೆನಪಾಗಬಹುದು. ಆ ಔಷಧ ಎಸ್‌ಎಂಎನ್1 ಎಂಬ ಬೇರೆಯೇ ಜೀನಿನ ಕೊರತೆ ತುಂಬಲು ರೂಪಿಸಿದ್ದು. ಬಿಐಸಿಡಿ2 ದೋಷಕ್ಕೆ ಅದು ಮದ್ದಲ್ಲ.