ಭಾಗ 4: ಮೂರು ವಿಭಾಗ, ಮೂರು ಹೆಸರು, ಒಂದೇ ಕಾಯಿಲೆ

ವಯಸ್ಸಾದ ಒಬ್ಬ ಗಂಡಸನ್ನ ಊಹಿಸ್ಕೊಳ್ಳಿ. ಜ್ವರ ಬಿಡ್ತಿಲ್ಲ, ಕಿವಿ ಕೆಂಪಾಗಿ ಊದ್ಕೊಂಡಿದೆ, ಕೀಲುನೋವು, ಮೈಮೇಲೆ ದದ್ದು, ರಕ್ತಾನೂ ಕಡಿಮೆ. 2020ಕ್ಕೆ ಮುಂಚೆ ಇಂಥವರಿಗೆ ಕೀಲಿನ ಡಾಕ್ಟರ್ ಒಂದು ಹೆಸರು ಹೇಳ್ತಿದ್ರು, ಚರ್ಮದವರು ಇನ್ನೊಂದು, ರಕ್ತದವರು ಮತ್ತೊಂದು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಡೇವಿಡ್ ಬೆಕ್, ಡ್ಯಾನಿಯಲ್ ಕ್ಯಾಸ್ಟ್ನರ್ ಮತ್ತು ಅವರ ಜೊತೆಗಾರರು ಉಲ್ಟಾ ದಾರಿ ಹಿಡಿದ್ರು. ಲಕ್ಷಣ ನೋಡಿ ಜೀನ್ ಹುಡುಕಲಿಲ್ಲ. ಕಾರಣವೇ ಗೊತ್ತಾಗದ ಉರಿಯೂತ, ಜ್ವರ ಇದ್ದ 2,500ಕ್ಕೂ ಹೆಚ್ಚು ಜನರ ಸೀಕ್ವೆನ್ಸಿಂಗ್ ಡೇಟಾ ತಗೊಂಡು, ಜೀನ್‌ನಿಂದಲೇ ಶುರು ಮಾಡಿದ್ರು. ಮೂವರು ಗಂಡಸರಲ್ಲಿ ಯುಬಿಎ1 ಅನ್ನೋ ಜೀನ್‌ನ ಒಂದೇ ಜಾಗದಲ್ಲಿ ಬದಲಾವಣೆ ಸಿಕ್ತು.

ಇಲ್ಲೇ ಮಜಾ ಇರೋದು. ಈ ಜೀನ್ ಇರೋದು ಎಕ್ಸ್ ಕ್ರೋಮೋಸೋಮ್‌ನಲ್ಲಿ, ಗಂಡಸರಿಗೆ ಅದು ಒಂದೇ. ಹಾಗಾಗಿ ಒಂದೇ ಅಕ್ಷರ ಕಾಣಬೇಕಿತ್ತು, ಕಂಡಿದ್ದು ಎರಡು. ಲೆಡ್ಜರ್‌ನಲ್ಲಿ ಹೀಗಾದ್ರೆ ನಮ್ಮಂಥ ಬಿಕಾಂನವರು ಕ್ಲರ್ಕ್ ತಪ್ಪು ಅಂತ ಗೆರೆ ಎಳೀತೀವಿ! ಅವರು ಎಳೀಲಿಲ್ಲ. ಈ ಬದಲಾವಣೆ ಅಪ್ಪ‌ಅಮ್ಮನಿಂದ ಬಂದಿದ್ದಲ್ಲ. ದೊಡ್ಡವರಾದ ಮೇಲೆ ಮೂಳೆಮಜ್ಜೆಯಲ್ಲಿ, ರಕ್ತ ಹುಟ್ಟಿಸೋ ಕೆಲವು ಕೋಶಗಳಲ್ಲಿ ಮಾತ್ರ ಆಗಿದ್ದು. ಅದಕ್ಕೇ ಸರಿ ಅಕ್ಷರ, ತಪ್ಪು ಅಕ್ಷರ ಎರಡೂ ಒಟ್ಟಿಗೆ ಕಂಡವು.

ಆಮೇಲೆ ಹಳೇ ಕೇಸುಗಳನ್ನೆಲ್ಲ ಮತ್ತೆ ತೆಗೆದು ನೋಡಿದ್ರು. ಬೇರೆ ಬೇರೆ ಹೆಸರಿನ ಕಾಯಿಲೆ ಅಂತ ಚಿಕಿತ್ಸೆ ತಗೊಳ್ತಿದ್ದವರಲ್ಲೂ ಅದೇ ಬದಲಾವಣೆ! ಒಟ್ಟು 25 ಗಂಡಸರು. ಕಾಯಿಲೆಗೆ ವೆಕ್ಸಾಸ್ ಅಂತ ಹೆಸರಿಟ್ಟು 2020ರಲ್ಲಿ ಪ್ರಕಟಿಸಿದ್ರು.

ಅಷ್ಟು ಹೊತ್ತಿಗೆ ಆ 25 ಜನರಲ್ಲಿ 10 ಮಂದಿ ತೀರಿಕೊಂಡಿದ್ರು.