ಪುಸ್ತಕ ನೋಡದೆ ಎದ್ದ ಗದ್ದಲ

ಗಂಡು, ಹೆಣ್ಣು ಸಮಾನರು ಎಂದು ಶಾಲೆಯಲ್ಲಿ ಕಲಿಸುವುದಕ್ಕೆ ಹೆಚ್ಚಿನವರ ಅಭ್ಯಂತರವಿರದು. ಆದರೆ ಅದಕ್ಕೆ ಯಾವ ಪುಸ್ತಕ, ಯಾವ ವಯಸ್ಸಿನಲ್ಲಿ ಎಂಬ ಪ್ರಶ್ನೆ ಬಂದಾಗ ಮಾತು ಬಿಸಿಯೇರುತ್ತದೆ. 2014ರಲ್ಲಿ ಫ್ರಾನ್ಸ್ ಕಂಡದ್ದು ಇದನ್ನೇ.

ಅಲ್ಲಿನ ಸಮಾಜವಾದಿ ಸರ್ಕಾರ 2013ರ ಶಾಲಾ ವರ್ಷದಲ್ಲಿ ‘ಸಮಾನತೆಯ ಎಬಿಸಿಡಿ’ ಎಂಬ ಕಾರ್ಯಕ್ರಮ ಆರಂಭಿಸಿತು. ಹತ್ತು ಶಿಕ್ಷಣ ವಲಯಗಳ ಸುಮಾರು 600 ತರಗತಿಗಳಲ್ಲಿ ಅದರ ಪ್ರಯೋಗ ನಡೆಯಿತು. ಗೊಂಬೆ ಹುಡುಗಿಗೆ, ಚೆಂಡು ಹುಡುಗನಿಗೆ ಎಂಬ ರೂಢಿಯ ಬಗ್ಗೆ ಚಿಕ್ಕ ಮಕ್ಕಳು ಯೋಚಿಸುವಂತೆ ಮಾಡುವುದು ಉದ್ದೇಶ. ಉದಾಹರಣೆಗೆ, ದೊರೆ ಹದಿನಾಲ್ಕನೇ ಲೂಯಿಯ ಚಿತ್ರ ತೋರಿಸಿ, ಆ ಕಾಲದಲ್ಲಿ ಗಂಡಸರೂ ಲೇಸು, ರಿಬ್ಬನ್ನು ತೊಡುತ್ತಿದ್ದರೆಂದು ಹೇಳುವ ಪಾಠವೊಂದಿತ್ತು.

ಕಾಲ ಮಾತ್ರ ಅನುಕೂಲವಾಗಿರಲಿಲ್ಲ. ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡುವ ಕಾನೂನು 2013ರ ಮೇ ತಿಂಗಳಲ್ಲಷ್ಟೇ ಜಾರಿಯಾಗಿತ್ತು. ಅದನ್ನು ವಿರೋಧಿಸಿ ಬೀದಿಗಿಳಿದವರ ಸಿಟ್ಟು ಇನ್ನೂ ಆರಿರಲಿಲ್ಲ. 2014ರ ಜನವರಿಯಲ್ಲಿ ಪೋಷಕರ ಮೊಬೈಲುಗಳಿಗೆ ಸಂದೇಶಗಳು ಬರತೊಡಗಿದವು. ನಿಮ್ಮ ಮಗ ಹುಡುಗಿಯೂ ಆಗಬಹುದೆಂದು ಶಾಲೆಯಲ್ಲಿ ಕಲಿಸುತ್ತಾರೆ, ತಿಂಗಳಿಗೊಂದು ದಿನ ಮಕ್ಕಳನ್ನು ಮನೆಯಲ್ಲೇ ಇರಿಸಿಕೊಳ್ಳಿ ಎಂಬುದು ಅವುಗಳ ಸಾರ. ಈ ಬಹಿಷ್ಕಾರಕ್ಕೆ ಕರೆ ಕೊಟ್ಟವರು ಫರೀದಾ ಬೆಲ್ಗುಲ್. 1980ರ ದಶಕದಲ್ಲಿ ವಲಸಿಗರ ಹಕ್ಕುಗಳಿಗಾಗಿ ಹೋರಾಡಿದ್ದವರು ಅವರು. ಸಂಪ್ರದಾಯಸ್ಥ ಕ್ಯಾಥೊಲಿಕರೂ ವಲಸಿಗ ಮುಸ್ಲಿಂ ಪೋಷಕರೂ ಇಲ್ಲಿ ಒಂದಾದರು.

ಶಿಕ್ಷಣ ಸಚಿವ ವಿನ್ಸೆಂಟ್ ಪೆಯಾನ್ ಕೊಟ್ಟ ಲೆಕ್ಕದಂತೆ, 48,000 ಶಾಲೆಗಳಲ್ಲಿ ಬಹಿಷ್ಕಾರದ ಬಿಸಿ ತಟ್ಟಿದ್ದು ನೂರಕ್ಕೆ ಮಾತ್ರ. ಆದರೆ ಭಯಕ್ಕೆ ಅಂಕಿಸಂಖ್ಯೆಯ ಹಂಗಿಲ್ಲ. ಮಕ್ಕಳನ್ನು ಕಳಿಸದ ಪೋಷಕರನ್ನು ಕರೆಸಿ ವಿವರಿಸಿ ಎಂದು ಸಚಿವರು ಶಾಲೆಗಳಿಗೆ ಸೂಚಿಸುವ ಹೊತ್ತಿಗೆ ಗಾಳಿಮಾತು ಮನೆ ಹೊಕ್ಕಾಗಿತ್ತು.

ಫೆಬ್ರುವರಿಯಲ್ಲಿ ವಿವಾದ ಒಂದು ಪುಸ್ತಕದ ಸುತ್ತ ತಿರುಗಿತು. ಕ್ಲೇರ್ ಫ್ರಾನೆಕ್ ಮತ್ತು ಮಾರ್ಕ್ ದನಿಯೋ 2011ರಲ್ಲಿ ಹೊರತಂದಿದ್ದ ಚಿತ್ರಪುಸ್ತಕವದು. ಶಾಲೆಯ ಮೇಡಂ, ಪೊಲೀಸ್, ನೆರೆಮನೆಯವರು ಎಲ್ಲರೂ ಬಟ್ಟೆ ಕಳಚಿ ಸಮುದ್ರಕ್ಕಿಳಿಯುವುದೇ ಅದರ ವಸ್ತು. ದೇಹಕ್ಕೆ ನಾಚಬೇಕಿಲ್ಲ ಎಂಬ ತಮಾಷೆಯ ಪುಸ್ತಕ. ವಿರೋಧ ಪಕ್ಷದ ನಾಯಕ ಜ್ಯಾನ್ ಫ್ರಾನ್ಸ್ವಾ ಕೋಪೆ ಅದನ್ನು ಹಿಡಿದು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡರು. ವಾಸ್ತವವಾಗಿ ಅದು ‘ಎಬಿಸಿಡಿ’ಯ ಪಾಠವಾಗಿರಲಿಲ್ಲ, ಶಿಕ್ಷಕರಿಗೆಂದು ಬೇರೊಂದು ಸಂಘ ತಯಾರಿಸಿದ್ದ ಪಟ್ಟಿಯಲ್ಲಿತ್ತು. ಕೋಪೆ ಟೀಕಿಸಿದ್ದೇ ತಡ, ಪುಸ್ತಕದ ಮಾರಾಟ ಜಿಗಿಯಿತು.

ಪುಸ್ತಕ ಉಳಿಯಿತು, ಕಾರ್ಯಕ್ರಮ ಉಳಿಯಲಿಲ್ಲ. 2014ರ ಜೂನ್ 30ರಂದು ಹೊಸ ಶಿಕ್ಷಣ ಸಚಿವ ಬೆನ್ವಾ ಆಮೋನ್ ‘ಎಬಿಸಿಡಿ’ಯನ್ನು ಕೈಬಿಟ್ಟು, ಶಿಕ್ಷಕರ ತರಬೇತಿಗೆ ಒತ್ತು ಕೊಡುವ ಬೇರೆ ಯೋಜನೆ ಪ್ರಕಟಿಸಿದರು. ಮಹಿಳಾ ಹಕ್ಕುಗಳ ಸಚಿವೆಯಾಗಿ ‘ಎಬಿಸಿಡಿ’ಯ ಬೆನ್ನಿಗೆ ನಿಂತಿದ್ದ ನಜತ್ ವಲ್ಲೋ-ಬೆಲ್ಕಾಸೆಮ್ ಎರಡೇ ತಿಂಗಳಲ್ಲಿ ಶಿಕ್ಷಣ ಸಚಿವೆಯಾದರು. ಫ್ರಾನ್ಸಿನಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ ಅವರು. ಆದರೂ ಆ ಹೆಸರು ಶಾಲೆಗೆ ಮರಳಲಿಲ್ಲ.

ಸುಳ್ಳು ಹರಡಿದವರ ತಪ್ಪು ಸ್ಪಷ್ಟ. ಆದರೆ ಅದನ್ನು ನಂಬಿದ ತಾಯಿತಂದೆಯರನ್ನು ಅಜ್ಞಾನಿಗಳೆಂದು ತಳ್ಳಿಹಾಕುವುದು ಸರಿಯಲ್ಲ. ತಮ್ಮ ಮಗುವಿಗೆ ಏನು ಕಲಿಸುತ್ತಾರೆಂದು ಕೇಳುವ ಹಕ್ಕು ಅವರಿಗಿತ್ತು. ಅವರಲ್ಲಿ ಅನೇಕರಿಗೆ ಮೊದಲು ಉತ್ತರ ಕೊಟ್ಟದ್ದು ಶಾಲೆಯಲ್ಲ, ಮೊಬೈಲು. ಪಾಠದ ಪುಟಗಳನ್ನು ಮಕ್ಕಳಿಗಿಂತ ಮೊದಲು ಪೋಷಕರ ಮುಂದೆ ಬಿಡಿಸಿಟ್ಟಿದ್ದರೆ ಜಗಳ ತಪ್ಪುತ್ತಿರಲಿಲ್ಲವೇನೋ. ಕನಿಷ್ಠ ಪಕ್ಷ, ಇದ್ದ ಪುಸ್ತಕದ ಬಗ್ಗೆ ಜಗಳವಾಗುತ್ತಿತ್ತು.