ಯೌವನದ ದೈಹಿಕ ಕ್ಷಮತೆ ಮತ್ತು ಮಧುಮೇಹ

ಯೌವನದ ದೈಹಿಕ ಕ್ಷಮತೆ ಎಂದರೆ ಹದಿಹರೆಯದಿಂದ ಇಪ್ಪತ್ತರ ಆಸುಪಾಸಿನವರೆಗೆ ದೇಹ ಗಳಿಸಿಕೊಳ್ಳುವ ದುಡಿಮೆಯ ಶಕ್ತಿ. ಇದು ಕಡಿಮೆಯಿದ್ದವರಲ್ಲಿ ಮುಂದೆ ಎರಡನೆಯ ವಿಧದ ಮಧುಮೇಹ, ಜನರ ಮಾತಿನ ಸಕ್ಕರೆ ಕಾಯಿಲೆ, ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಹೃದಯ ಮತ್ತು ಶ್ವಾಸಕೋಶಗಳು ಸ್ನಾಯುಗಳಿಗೆ ಆಮ್ಲಜನಕವನ್ನು ಎಷ್ಟು ಪೂರೈಸಬಲ್ಲವು ಎಂಬ ದಮ್ಮು ಹಾಗೂ ಸ್ನಾಯುಗಳ ಬಲ, ಇವೆರಡೂ ಕ್ಷಮತೆಯ ಮುಖ್ಯ ಅಳತೆಗಳು.

ಈ ಸಂಬಂಧಕ್ಕೆ ವಿಸ್ತಾರವಾದ ಆಧಾರ ದೊರೆತದ್ದು ಸ್ವೀಡನ್ನಿನಲ್ಲಿ. 1969ರಿಂದ 1997ರವರೆಗೆ ಕಡ್ಡಾಯ ಸೇನಾ ಸೇವೆಗೆಂದು ಬಂದ 18 ವರ್ಷದ 15 ಲಕ್ಷಕ್ಕೂ ಹೆಚ್ಚು ಯುವಕರಿಂದ ನಿಂತಲ್ಲೇ ತುಳಿಯುವ ಸೈಕಲ್ ತುಳಿಸಿ ದಮ್ಮನ್ನೂ, ಕೈಹಿಡಿತ, ಮೊಣಕೈ, ಮೊಣಕಾಲುಗಳ ಬಲವನ್ನೂ ಅಳೆದು ದಾಖಲಿಸಲಾಗಿತ್ತು. ಅವರ ಆರೋಗ್ಯವನ್ನು 2012ರವರೆಗೆ ಗಮನಿಸಿದ ಅಧ್ಯಯನ 2016ರಲ್ಲಿ ಪ್ರಕಟವಾದಾಗ, ದಮ್ಮು ಮತ್ತು ಬಲ ಎರಡರಲ್ಲೂ ಹಿಂದುಳಿದಿದ್ದವರಿಗೆ, ಎರಡರಲ್ಲೂ ಮುಂದಿದ್ದವರಿಗಿಂತ, ಮಧುಮೇಹದ ಅಪಾಯ ಸುಮಾರು ಮೂರು ಪಟ್ಟಿದ್ದುದು ಕಂಡುಬಂತು. ತೂಕ ಮಿತಿಯಲ್ಲಿದ್ದವರಲ್ಲೂ ಈ ಅಂತರ ಉಳಿದಿತ್ತೆಂಬುದು ಭಾರತದ ಓದುಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿ.

ಕಾರಣ ಬಹುಮಟ್ಟಿಗೆ ಸ್ನಾಯುವಿನಲ್ಲಿದೆ. ಇನ್ಸುಲಿನ್ನಿನ ಪ್ರಭಾವದಿಂದ ರಕ್ತದಿಂದ ಹೊರಹೋಗುವ ಗ್ಲೂಕೋಸಿನ ಬಹುಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳೇ. ದುಡಿಯುತ್ತಿರುವ ಸ್ನಾಯುವಾದರೋ ಇನ್ಸುಲಿನ್ನಿನ ನೆರವಿಲ್ಲದೆಯೂ, ಗ್ಲುಟ್-4 ಎಂಬ ಸಾಗಣೆ ಪ್ರೋಟೀನನ್ನು ಜೀವಕೋಶದ ಹೊರಪೊರೆಗೆ ತಂದು, ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳಬಲ್ಲದು.

ಹುಟ್ಟಿನ ಮೈಕಟ್ಟಿಗೂ ಮಧುಮೇಹಕ್ಕೂ ಇರುವ ನಂಟಿನ ಬಗ್ಗೆ ಹಾಸನ ಜಿಲ್ಲೆಗೆ ಹತ್ತಿರದ ಮುಖ್ಯ ಸಂಶೋಧನೆ ನಡೆದದ್ದು ಮೈಸೂರಿನಲ್ಲಿ. ಮಿಷನ್ ಆಸ್ಪತ್ರೆಯೆಂದೇ ಹೆಸರಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹಳೆಯ ಹೆರಿಗೆ ದಾಖಲೆಗಳನ್ನು ಹಿಡಿದು, ಅಲ್ಲಿ ಹುಟ್ಟಿ ಮಧ್ಯವಯಸ್ಸಿಗೆ ಬಂದಿದ್ದವರನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹುಟ್ಟುವಾಗ ಉದ್ದ ಕಡಿಮೆಯಿದ್ದು ಅದಕ್ಕೆ ಹೋಲಿಸಿದರೆ ತೂಕ ಹೆಚ್ಚಿದ್ದವರಲ್ಲಿ ಮಧುಮೇಹ ಹೆಚ್ಚಾಗಿತ್ತು. ಭಾರತದ ಶಿಶುಗಳು ತೂಕದಲ್ಲಿ ಕಡಿಮೆಯಿದ್ದರೂ ಸ್ನಾಯು ತಗ್ಗಿ ಕೊಬ್ಬು ಉಳಿದ ಮೈಕಟ್ಟಿನಲ್ಲಿ ಹುಟ್ಟುತ್ತವೆಂದು ಪುಣೆಯ ಅಧ್ಯಯನಗಳೂ ತೋರಿಸಿವೆ. ಆದುದರಿಂದ ಹುಡುಗ ತೆಳ್ಳಗಿದ್ದಾನೆ, ಅವನಿಗೆ ಸಕ್ಕರೆ ಕಾಯಿಲೆ ಬಾರದು ಎಂಬ ನಂಬಿಕೆಗೆ ಆಧಾರವಿಲ್ಲ.

ಹಾಸನ ಜಿಲ್ಲೆಯಲ್ಲಿ ತೆಂಗಿನ ಸೀಮೆಯಾದ ಅರಸೀಕೆರೆಯಲ್ಲೂ, ಕಾಫಿ ತೋಟಗಳ ಅಂಚಿನ ಬೇಲೂರಿನಲ್ಲೂ, ಅದೇ ತಾಲ್ಲೂಕಿನ ಹಳೇಬೀಡಿನ ಹೊಲಗಳಲ್ಲೂ ಹಿಂದೆ ಕ್ಷಮತೆ ದುಡಿಮೆಯಿಂದಲೇ ಬರುತ್ತಿತ್ತು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯನ್ನು ಎರಡೂ ಕೈಯಿಂದ ಒತ್ತಿ, ಮೈಭಾರ ಬಿಟ್ಟು ತಿರುಚಿ ಸಿಪ್ಪೆ ಬಿಡಿಸುವ ಕೆಲಸದಲ್ಲಿ ಹಿಡಿತ, ಭುಜ, ಬೆನ್ನು ಎಲ್ಲವೂ ದುಡಿಯುತ್ತವೆ. ಉಂಡೆ ಕೊಬ್ಬರಿಗಾಗಿ ಕಾಯನ್ನು ಅಟ್ಟಕ್ಕೇರಿಸುವುದೂ ಅಂಥದೇ ಕೆಲಸ. ಯಂತ್ರಗಳೂ ಬೈಕುಗಳೂ ಈ ದಣಿವನ್ನು ಇಳಿಸಿದ್ದು ಒಳ್ಳೆಯದೇ ಆದರೂ, ಮುದ್ದೆ, ಅನ್ನದ ಪ್ರಮಾಣ ಅದಕ್ಕೆ ತಕ್ಕಂತೆ ಇಳಿಯದಿದ್ದರೆ ಹೆಚ್ಚುವರಿ ಶಕ್ತಿ ಕೊಬ್ಬಾಗಿ ಸೇರುತ್ತದೆ. ಹೀಗಾಗಿ ಶಾಲೆಯ ಆಟದ ಪೀರಿಯಡ್ಡಿನ ಹೊಣೆ ಹೆಚ್ಚಿದೆ, ಹತ್ತನೆಯ ತರಗತಿಯ ಪಾಠಕ್ಕಾಗಿ ಅದನ್ನು ಕಿತ್ತುಕೊಳ್ಳುವುದು ಸಣ್ಣ ನಷ್ಟವಲ್ಲ. ದಮ್ಮು ಅಳೆಯಲು, ಕೇಂದ್ರ ಸರ್ಕಾರದ ಕ್ರೀಡಾ ಯೋಜನೆಯಾದ ಖೇಲೋ ಇಂಡಿಯಾದ ಶಾಲಾ ಪರೀಕ್ಷೆಯಲ್ಲಿರುವ 600 ಮೀಟರ್ ಓಟಕ್ಕೆ ಮೈದಾನ ಮತ್ತು ಗಡಿಯಾರ ಸಾಕು.

ಸ್ವೀಡನ್ನಿನ ಅಧ್ಯಯನದಲ್ಲಿ ಹೆಣ್ಣುಮಕ್ಕಳಿರಲಿಲ್ಲ. ಜೊತೆಗೆ ಅದು ಸಂಬಂಧವನ್ನು ತೋರಿಸುತ್ತದೆಯೇ ಹೊರತು, ವ್ಯಾಯಾಮವೊಂದೇ ಕಾರಣವೆಂದು ಸಾಧಿಸುವುದಿಲ್ಲ, ಏಕೆಂದರೆ ಕ್ಷಮತೆಯಲ್ಲಿ ಆನುವಂಶಿಕತೆಯ ಪಾಲೂ ಇದೆ. ಸರ್ಕಾರಿ ಆರೋಗ್ಯ ಕೇಂದ್ರಗಳ ಮಧುಮೇಹ ತಪಾಸಣೆ ಸಾಮಾನ್ಯವಾಗಿ 30 ವರ್ಷ ದಾಟಿದವರಿಗೆ ಮೀಸಲಾಗಿರುವುದರಿಂದ, ಹೈಸ್ಕೂಲು ಬಿಟ್ಟ ಮೇಲಿನ ಸುಮಾರು ಹದಿನಾಲ್ಕು ವರ್ಷ ಯಾರ ಗಣನೆಗೂ ಬರುವುದಿಲ್ಲ. ತಡವಾದರೂ ಪ್ರಯೋಜನವಿಲ್ಲದಿಲ್ಲ: ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರಕ್ತದ ಸಕ್ಕರೆ ಆಗಲೇ ಏರತೊಡಗಿದ್ದ ಮಧ್ಯವಯಸ್ಕರಲ್ಲಿ ಊಟ ಮತ್ತು ನಡಿಗೆಯ ಬದಲಾವಣೆಯಿಂದ ಮಧುಮೇಹದ ಅಪಾಯ 28.5 ಪ್ರತಿಶತ ತಗ್ಗಿತು. ಕೂತು ಕೆಲಸ ಮಾಡುವವರಿಗೆ ಅಲ್ಲಿ ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಲು ಸೂಚಿಸಲಾಗಿತ್ತು. ಮೈಮುರಿದು ದುಡಿಯುತ್ತಿದ್ದವರಿಗೆ ಆ ದುಡಿಮೆಯನ್ನೇ ಮುಂದುವರಿಸುವಂತೆ ತಿಳಿಸಲಾಗಿತ್ತು.